ಪೆರಿಯದಲ್ಲಿ ಹೊಸ ಪ್ರೆಸ್ಬಿಟೇರಿಯನ್ ಸಭೆ: ಎಲ್ಲಿಂದ ಶುರು ಮಾಡುವುದು?

ಬೇಕಲದ ಗುಮಾಸ್ತ:

ಎಲ್ಲರಿಗೂ ವಂದನೆ. ನಾನು ಬ್ಯಾಂಕಿನವನು. ಮಂಗಳೂರು ಕಡೆಯ ಬಾಸೆಲ್ ಮಿಶನ್ ಕ್ರೈಸ್ತ ಮನೆತನ. ವರ್ಗವಾಗಿ ಬಂದು ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿ ಬಿಡಾರ ಹೂಡಿದ್ದೇನೆ. ಹೆಂಡತಿ ಕಾಞಂಗಾಡಿನಲ್ಲಿ ನರ್ಸ್.

ಭಾನುವಾರ ಸಂಜೆ ನಮ್ಮ ಬಾಡಿಗೆ ಮನೆಯ ಮಹಡಿಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದೆ. ಯೋಜನೆ ಹಾಕಿ ಶುರು ಮಾಡಿದ್ದಲ್ಲ. ಇಲ್ಲಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಓದುವ ಮಿಜೋರಾಂನ ಹುಡುಗಿಯೊಬ್ಬಳು ಖಾತೆ ತೆರೆಯಲು ಬಂದಿದ್ದಳು. ಆಧಾರ್, ಪ್ಯಾನ್, ಹಾಸ್ಟೆಲಿನ ಚೀಟಿಗಳ ನಡುವೆ ಇನ್ನೊಂದು ಕಾಗದ ಇತ್ತು. ಊರಿನ ಚರ್ಚಿನ ಸಭಾಪಾಲಕರು ಮೊಹರು ಹಾಕಿ ಬರೆದುಕೊಟ್ಟ ಪರಿಚಯ ಪತ್ರ: ಈಕೆ ನಮ್ಮ ಸಭೆಯ ಪೂರ್ಣ ಸದಸ್ಯೆ, ನಿಮ್ಮಲ್ಲಿ ಸೇರಿಸಿಕೊಳ್ಳಿ ಎಂದು. 'ಇದನ್ನು ಇಲ್ಲಿ ಯಾರಿಗೆ ಕೊಡಬೇಕು ಸರ್?' ಎಂದು ಕೇಳಿದಳು. ಬ್ಯಾಂಕಿನಲ್ಲಿ ಅದಕ್ಕೆ ಕೌಂಟರ್ ಇಲ್ಲ. ಮನೆಗೆ ಬಾ ಅಮ್ಮ ಎಂದೆ.

ಅವಳ ಹಿಂದೆ ಗೆಳತಿಯರು ಬಂದರು, ಒಡಿಶಾದ ಇಬ್ಬರು ಸಂಶೋಧಕರು ಬಂದರು, ಮಂಜೇಶ್ವರದ ಕನ್ನಡ ಹುಡುಗನೊಬ್ಬ ಬಂದ. ಹತ್ತಿರದ ಮಲಯಾಳಿ ಅಧ್ಯಾಪಕ ದಂಪತಿ ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಈಗ ಚಪ್ಪಲಿಗಳು ಮೆಟ್ಟಿಲಿನ ಕೆಳಗಿನವರೆಗೂ ಇಳಿದಿವೆ. ಬೈಬಲ್ ಪ್ರಸಂಗ ಮಾಡುವವರಿಲ್ಲದ ದಿನ ನಾನೇ ಏನಾದರೂ ಓದಿ ಹೇಳುತ್ತೇನೆ. ಸಾಲದ ಷರತ್ತು ಓದಿದ ಹಾಗೆ ಇರುತ್ತದೆ ಎಂದು ನನ್ನಾಕೆಯ ತೀರ್ಪು.

ಈಗ ಹುಡುಗರು ಒತ್ತಾಯ ಹಿಡಿದಿದ್ದಾರೆ: ಕೂಟ ಸಾಕು, ಸಭೆಯೇ ಆಗಲಿ, ಹಿರಿಯರು ಕೂಡಿ ನಡೆಸುವ ಪ್ರೆಸ್ಬಿಟೇರಿಯನ್ ಸಭೆ. ನನಗೆ ಆಸೆ ಇದೆ, ಅಳುಕೂ ಇದೆ. ನಮ್ಮ ಅಜ್ಜನ ಕಾಲದ ಸಭೆ ಇಂದು ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐನಲ್ಲಿದೆ. ಅದನ್ನು ಬಿಟ್ಟು ಬೇರೆ ಬೋರ್ಡು ತೂಗಿದರೆ ಮನೆಯವರೇ ಏನೆಂದಾರು? ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸ ಯಾರು ಕೊಡುತ್ತಾರೆ? ಯಾವ ಭಾಷೆಯಲ್ಲಿ ಆರಾಧನೆ? ಚಂದ್ರಗಿರಿ ಹೊಳೆಯ ಈಚೆ ಕನ್ನಡದ ಮನೆಗಳು ಅಲ್ಲೊಂದು ಇಲ್ಲೊಂದು. ಇದರ ಮೇಲೆ, ಒಬ್ಬ ಹುಡುಗನ ದೂರದ ಪರಿಚಯದ ಅಮೆರಿಕದ ಸಭೆಯವರು ಹಣ ಕಳಿಸುತ್ತೇವೆ, ಬೋಧಕರೂ ಬಂದು ಹೋಗುತ್ತಾರೆ ಎಂದು ಬರೆದಿದ್ದಾರೆ. ನನ್ನ ಖಾತೆಗೇ ಹಾಕುತ್ತಾರಂತೆ! ಬ್ಯಾಂಕಿನವನ ಎದೆ ಧಸಕ್ಕೆಂದಿತು.

ತಿಳಿದವರು ದಾರಿ ಹೇಳಿ.

ಬಲ್ಮಠದ ಅಜ್ಜ:

ಗುಮಾಸ್ತರೇ, ನಾನು ಸಭಾ ಹಿರಿಯನಾಗಿ ಸಾಕಷ್ಟು ಮೀಟಿಂಗುಗಳಲ್ಲಿ ಕುಳಿತವನು. ನೇರವಾಗಿ ಹೇಳುತ್ತೇನೆ, ಬೇಸರ ಬೇಡ.

ಸಿಎಸ್‌ಐ ವಿಷಯಕ್ಕೆ ಅಷ್ಟು ಅಳುಕಬೇಕಾಗಿಲ್ಲ. 1908ರಲ್ಲಿ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಶನಲಿಸ್ಟರೂ ಕೂಡಿ ದಕ್ಷಿಣ ಭಾರತ ಐಕ್ಯ ಸಭೆ ಕಟ್ಟಿದರು. ಮಲಬಾರಿನ ಬಾಸೆಲ್ ಮಿಶನ್ ಸಭೆಗಳು 1919ರಲ್ಲಿ ಅದಕ್ಕೆ ಸೇರಿದವು. ಅದೇ ಐಕ್ಯ ಸಭೆ ಆಂಗ್ಲಿಕನ್ನರು ಮತ್ತು ಮೆಥಡಿಸ್ಟರ ಜೊತೆ ಸೇರಿ 1947ರ ಸೆಪ್ಟೆಂಬರ್ 27ರಂದು ಸಿಎಸ್‌ಐ ಆಯಿತು. ಅಂದರೆ ನೀವು ಹೊಸದಾಗಿ ತರಲು ಹೊರಟದ್ದರ ಒಂದು ಪಾಲು ಆ ಸೂರಿನಡಿ ಆಗಲೇ ಇದೆ. ಮೇಲೆ ಬಿಷಪ್ಪರಿದ್ದಾರೆ ಎಂಬುದೇ ವ್ಯತ್ಯಾಸ. ಹಾಗಾಗಿ ಹತ್ತಿರದ ಸಿಎಸ್‌ಐ ಅಯ್ಯನವರನ್ನು ಈ ವಾರವೇ ಹೋಗಿ ನೋಡಿ, ವಿಷಯ ತಿಳಿಸಿ. ನಿಮ್ಮ ಬಾಯಿಂದ ಕೇಳಿದರೆ ಚಹಾ ಕೊಡುತ್ತಾರೆ. ಬೇರೆಯವರಿಂದ ಕೇಳಿದರೆ 'ನಮ್ಮ ಮಂದೆಗೆ ಕೈ ಹಾಕಿದರು' ಎನ್ನುತ್ತಾರೆ.

ನಿಜವಾದ ತೊಡಕು ಬೇರೆ. ಪ್ರೆಸ್ಬಿಟೇರಿಯನ್ ಕ್ರಮದಲ್ಲಿ ಸಭಾಪಾಲಕರೊಬ್ಬರೇ ಸಭೆ ನಡೆಸುವಂತಿಲ್ಲ. ಸದಸ್ಯರು ಆರಿಸಿದ ಹಿರಿಯರು ಅವರ ಪಕ್ಕದಲ್ಲಿ ಸಮನಾಗಿ ಕುಳಿತು ತೀರ್ಮಾನಿಸಬೇಕು, ಅದೇ ಸೆಷನ್. ಆ ಸುತ್ತಿನ ಸಭೆಗಳ ಪಾಲಕರೂ ಹಿರಿಯರೂ ಕೂಡಿದರೆ ಪ್ರೆಸ್ಬಿಟರಿ, ಅದರ ಮೇಲೆ ಸಿನೊಡ್, ಮಹಾಸಭೆ. ಈ ಕ್ರಮದ ಮೂಲಪುರುಷ, ಸುಧಾರಕ ಕ್ಯಾಲ್ವಿನ್ 1541ರಲ್ಲಿ ಜಿನೀವಾಕ್ಕೆ ಬರೆದುಕೊಟ್ಟ ಸಭಾ ನಿಯಮಗಳಲ್ಲೇ ಹಿರಿಯರೂ ಸಭಾಸೇವಕರೂ ಇದ್ದಾರೆ. ಅಲ್ಲಿ ಅವರ ಅಕಾಡೆಮಿ ತೆರೆದದ್ದು 1559ರಲ್ಲಿ. ಹಿರಿಯರು ಮೊದಲು, ಕಾಲೇಜು ಆಮೇಲೆ. ನಿಮ್ಮಲ್ಲಿ ತಿರುಗುಮುರುಗು.

ಹಿರಿಯನ ಕೆಲಸವೆಂದರೆ ಭಾನುವಾರ ಕಾಣಿಕೆ ಎಣಿಸುವುದಷ್ಟೇ ಅಲ್ಲ. ಮನೆ ಮನೆ ಸುತ್ತಬೇಕು, ಗಂಡ ಹೆಂಡಿರ ಜಗಳಕ್ಕೆ ಕಿವಿ ಕೊಡಬೇಕು, ತಪ್ಪಿ ನಡೆದವರನ್ನು ಕೂರಿಸಿ ಮಾತಾಡಬೇಕು, ಪಾಲಕರೇ ತಪ್ಪಿದರೂ ಕೇಳಬೇಕು. ಎರಡು ವರ್ಷದ ಎಂ.ಎ. ಮುಗಿಸಿ ರೈಲು ಹತ್ತುವ ಹುಡುಗನ ಹೆಗಲಿಗೆ ಇದನ್ನು ಹೇಗೆ ಹೊರಿಸುತ್ತೀರಿ? ಅವನು ಭಕ್ತಿವಂತನಲ್ಲ ಎಂದಲ್ಲ, ಅವನು ಇರುವುದಿಲ್ಲ. ಒಂದು ಕಾಗದ ತೆಗೆದುಕೊಳ್ಳಿ. ಹಾಸ್ಟೆಲ್ ಖಾಲಿಯಾಗುವ ಬೇಸಿಗೆ ರಜೆಯಲ್ಲಿ ಪೆರಿಯದಲ್ಲೇ ಉಳಿಯುವವರ ಹೆಸರು ಬರೆಯಿರಿ. ಮನೆ ಕಟ್ಟಿದವರು, ಮಕ್ಕಳನ್ನು ಅಲ್ಲಿನ ಶಾಲೆಗೆ ಸೇರಿಸಿದವರು, ಸತ್ತರೆ ಇಲ್ಲೇ ಮಣ್ಣು ಮಾಡಿ ಎನ್ನುವವರು. ಸಭೆ ಅವರ ಮೇಲೆ ನಿಲ್ಲಬೇಕು. ಅಂದ ಹಾಗೆ, ನಿಮ್ಮ ಮುಂದಿನ ವರ್ಗಾವಣೆ ಯಾವಾಗ?

ಪಟ್ಟಿ ಗಿಡ್ಡವಿದ್ದರೆ ನಾಚಿಕೆಯೇನಿಲ್ಲ. ಬೇರೆ ಸಭೆಯೊಂದರ ಆಶ್ರಯದಲ್ಲಿ ಆರಾಧನಾ ಕೇಂದ್ರವಾಗಿ ನಡೆಯಿರಿ, ಆ ಸಭೆಯ ಹಿರಿಯರೇ ನಿಮಗೂ ತಾತ್ಕಾಲಿಕ ಹಿರಿಯರಾಗಲಿ. ಅಮೆರಿಕದ ಪ್ರೆಸ್ಬಿಟೇರಿಯನ್ನರೂ ಹೊಸ ಸಭೆಯನ್ನು ಹೀಗೇ ಸಾಕುತ್ತಾರೆ. ಅದು ತನ್ನ ಹಿರಿಯರನ್ನು ಆರಿಸುವವರೆಗೆ ತಾತ್ಕಾಲಿಕ ಸೆಷನ್ ನೋಡಿಕೊಳ್ಳುತ್ತದೆ. 1973ರಲ್ಲಿ ಹುಟ್ಟಿದ ಪಿಸಿಎ ಎಂಬ ಅಲ್ಲಿನ ಪಂಗಡಕ್ಕೆ ಕಾಲೇಜುಗಳ ಕೆಲಸಕ್ಕೆಂದೇ ಆರ್‌ಯುಎಫ್ ಎಂಬ ವಿಭಾಗವಿದೆ. ಅದನ್ನು ನಡೆಸುವವರು ದೀಕ್ಷೆ ಪಡೆದ ಪಾಲಕರೇ. ಆದರೂ ಅದನ್ನು ಸಭೆ ಎನ್ನುವುದಿಲ್ಲ. ಭಾನುವಾರ ಊರ ಸಭೆಗೆ ಹೋಗಿ ಎಂದು ವಿದ್ಯಾರ್ಥಿಗಳನ್ನು ಕಳಿಸುತ್ತಾರೆ.

ಕರ್ತನ ಭೋಜನಕ್ಕೆ ದೀಕ್ಷಿತ ಪಾಲಕರೇ ಬೇಕು. ಕೆಲವು ತಿಂಗಳಿಗೊಮ್ಮೆ ಕರೆಸಿಕೊಳ್ಳಿ. ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ವರ್ಷಕ್ಕೆ ಒಂದೆರಡು ಬಾರಿ ಮಾತ್ರ ನಡೆಯುತ್ತಿದ್ದ ಕಾಲವಿತ್ತು, ಯಾರ ನಂಬಿಕೆಯೂ ಬತ್ತಲಿಲ್ಲ.

ಲೆಕ್ಕಪತ್ರ, ಮಂಜೇಶ್ವರ:

ಹಣದ ಬಗ್ಗೆ ಮಾತ್ರ ನನ್ನ ಮಾತು.

ಆ ಅಮೆರಿಕದ ಹಣವನ್ನು ನಿಮ್ಮ ಖಾತೆಗೆ ಹಾಕಿಸಿಕೊಳ್ಳಲೇಬೇಡಿ. 2010ರ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿಯಾಗಲಿ ಸರ್ಕಾರದ ಮುಂಗಡ ಅನುಮತಿಯಾಗಲಿ ಇಲ್ಲದ ಸಂಘ ಅದನ್ನು ಮುಟ್ಟುವಂತಿಲ್ಲ. ನೋಂದಣಿಗೆ ಸಂಘ ಹುಟ್ಟಿ ಮೂರು ವರ್ಷವಾಗಿರಬೇಕು, ಆ ಮೂರು ವರ್ಷದಲ್ಲಿ ತನ್ನ ಉದ್ದೇಶಗಳಿಗೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯ ನಂತರ ಹಣ ಬರಬೇಕಾದದ್ದು ಎಸ್‌ಬಿಐನ ದೆಹಲಿ ಮುಖ್ಯ ಶಾಖೆಯ ಖಾತೆಗೆ. ಬೋಧಕರು ಪ್ರವಾಸಿ ವೀಸಾದಲ್ಲಿ ಬಂದು ಪ್ರಸಂಗ ಮಾಡುವುದೂ ಸಲ್ಲದು. ಬೇಕಲ ಕೋಟೆ ನೋಡಿಕೊಂಡು ಹೋಗಲಿ.

ಕೂಟಕ್ಕೆ ಹೆಸರು ಬೇಕಾದರೆ ಏಳು ಜನ ಸೇರಿ 1860ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿಸಿ. ನಮ್ಮ ಮಲಬಾರ್ ಭಾಗಕ್ಕೆ ಅನ್ವಯಿಸುವುದು ಅದೇ. ಆಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್, ಖಾತೆ, ಇಬ್ಬರ ಸಹಿ. ಇದನ್ನು ಬ್ಯಾಂಕಿನವರಿಗೆ ನಾನು ಹೇಳಿಕೊಡಬೇಕೆ!

ಮನೆಯಲ್ಲಿ ನಾಲ್ಕು ಜನ ಸೇರಿ ಪ್ರಾರ್ಥಿಸುವುದು ಬೇರೆ, ಮನೆಯನ್ನೇ ಆರಾಧನಾಲಯ ಮಾಡುವುದು ಬೇರೆ. ಬೋರ್ಡು ಬರೆಸುವ ಮೊದಲು ಪುಲ್ಲೂರು-ಪೆರಿಯ ಪಂಚಾಯತಿಗೂ ಮನೆ ಯಜಮಾನರಿಗೂ ಕೇಳಿ. ವಿಶ್ವವಿದ್ಯಾಲಯದ ಆವರಣದೊಳಗೆ ಒಂದು ಚೀಟಿಯನ್ನೂ ಅನುಮತಿಯಿಲ್ಲದೆ ಅಂಟಿಸಬೇಡಿ.

ವಿದ್ಯಾನಗರದ ಟೀಚರ್:

ಅಜ್ಜನವರ ಪಟ್ಟಿ ಸರಿ. ಆದರೆ ಅದರಲ್ಲಿ ಹೆಸರಿಲ್ಲದ ಮಕ್ಕಳು ಬರೀ ಅತಿಥಿಗಳೇ? ನಾನು ಒಪ್ಪುವುದಿಲ್ಲ.

ನಮ್ಮ ಮನೆ ಸರ್ಕಾರಿ ಕಾಲೇಜಿನ ಹತ್ತಿರ. ಕಾಲೇಜಿನ ಹುಡುಗರನ್ನು ಹಾಡಲು ಕರೆದು, ಕುರ್ಚಿ ಎತ್ತಿಸಿ, ಮೀಟಿಂಗ್ ಶುರುವಾದಾಗ ಹೊರಗೆ ಕಳಿಸುವ ಹಿರಿಯರನ್ನು ಕಂಡವಳು ನಾನು. ಮರುವರ್ಷ ಅವರು ಬರುವುದಿಲ್ಲ, 'ಈಗಿನ ಮಕ್ಕಳಿಗೆ ಭಕ್ತಿ ಇಲ್ಲ' ಎಂಬ ಮಾತು ಬರುತ್ತದೆ. ಹಿರಿಯನ ಪಟ್ಟ ಕೊಡಬೇಡಿ, ಬೇಕಾದರೆ. ಭಾನುವಾರ ಶಾಲೆ ಕೊಡಿ, ಲೆಕ್ಕದ ಪುಸ್ತಕ ಕೊಡಿ, ಕಾಯಿಲೆ ಬಿದ್ದವರನ್ನು ನೋಡುವ ಜವಾಬ್ದಾರಿ ಕೊಡಿ. ಬೈಬಲಿನಲ್ಲಿ ನೋಡಿ, ಎಫೆಸ ಪಟ್ಟಣದಲ್ಲಿ ಅಪೊಸ್ತಲ ಪೌಲನು ತುರನ್ನನ ತರ್ಕಶಾಲೆಯಲ್ಲಿ ಮಾತಾಡಿದ್ದೂ ಎರಡೇ ವರ್ಷ. ಅಷ್ಟರಲ್ಲಿ ಆಸ್ಯ ಸೀಮೆಯವರೆಲ್ಲ ವಾಕ್ಯ ಕೇಳಿದರು. ಹೋಗುವವರು ಹೊತ್ತುಕೊಂಡು ಹೋಗುತ್ತಾರಲ್ಲ, ಅದೂ ಲೆಕ್ಕಕ್ಕೆ ಬರಬೇಕು.

ಭಾಷೆ: ಪ್ರಸಂಗ ಇಂಗ್ಲಿಷಿನಲ್ಲಿ ಇರಲಿ, ಎಲ್ಲರಿಗೂ ಅದು ಪರಭಾಷೆಯೇ, ಯಾರಿಗೂ ಮೇಲುಗೈ ಇಲ್ಲ. ಬೈಬಲ್ ಪಾಠ ಓದುವುದು ಸರದಿಯಲ್ಲಿ ಕನ್ನಡ, ಮಲಯಾಳ, ಮಿಜೋ, ಒಡಿಯಾ. ಕರ್ತನ ಪ್ರಾರ್ಥನೆಯನ್ನು ಅವರವರ ಮಾತಿನಲ್ಲಿ ಒಟ್ಟಿಗೆ ಹೇಳಲಿ, ಗದ್ದಲವಾದರೆ ಆಗಲಿ.

ಬೇಕಲದ ಗುಮಾಸ್ತ:

ಅಜ್ಜ, ಪಟ್ಟಿ ಬರೆದೆ. ಅಧ್ಯಾಪಕ ದಂಪತಿ, ಅವರ ಪಕ್ಕದ ನಿವೃತ್ತ ಕುಟುಂಬ, ಅಲ್ಲಿಗೆ ಮುಗಿಯಿತು. ನನ್ನ ಹೆಸರು ಬರೆದು ಹೊಡೆದುಹಾಕಿದೆ. ಅಷ್ಟಾದರೂ ಕೂಟ ನಿಲ್ಲಿಸುವ ಮನಸ್ಸಿಲ್ಲ. ಅಮೆರಿಕದವರಿಗೆ ಬೇಡವೆಂದು ಬರೆದಾಯಿತು. ಸಿಎಸ್‌ಐ ಅಯ್ಯನವರನ್ನು ಕಂಡೆ, ಚಹಾ ಸಿಕ್ಕಿತು. ಈಸ್ಟರ್ ಮುಗಿದ ಮೇಲೆ ಬಂದು ಕರ್ತನ ಭೋಜನ ನಡೆಸಲು ಒಪ್ಪಿದ್ದಾರೆ. ಹುಡುಗರ ಸದಸ್ಯತ್ವ ಅವರ ಊರಿನ ಸಭೆಯಲ್ಲೇ ಇರಲಿ, ಇಲ್ಲಿಂದ ಹೋಗುವಾಗ ನಾವೂ ಒಂದು ಪತ್ರ ಕೊಡೋಣ ಎಂದರು.

ಟೀಚರ್, ನೀವು ಹೇಳಿದಂತೆ ಲೆಕ್ಕದ ಪುಸ್ತಕವನ್ನು ಆ ಮಿಜೋ ಹುಡುಗಿಗೆ ಕೊಟ್ಟೆ. ಅವಳು ಕೇಳದೆಯೇ ಇನ್ನೊಂದು ಶುರು ಮಾಡಿದ್ದಾಳೆ. ಅವರ ಊರಿನ ಪ್ರೆಸ್ಬಿಟೇರಿಯನ್ ಹೆಂಗಸರು ಪ್ರತಿ ಅಡುಗೆಗೂ ಮುಂಚೆ ಒಂದು ಹಿಡಿ ಅಕ್ಕಿಯನ್ನು ಸಭೆಗೆಂದು ತೆಗೆದಿಡುತ್ತಾರೆ. 1910ರಿಂದ ನಡೆದುಬಂದ ಪದ್ಧತಿ, ಬುಹ್‌ಫಾಯ್ ಥಾಮ್ ಎನ್ನುತ್ತಾರೆ. ಗೆಳತಿಯರ ಜೊತೆ ರೂಮು ಮಾಡಿಕೊಂಡಿರುವ ಅವಳು ಹಾರ್ಲಿಕ್ಸ್ ಡಬ್ಬಿಯಲ್ಲಿ ಕುಚ್ಚಲಕ್ಕಿ ತಂದು ನನ್ನಾಕೆಯ ಕೈಗೆ ಕೊಟ್ಟಳು. ತೂಗಿ, ಪೇಟೆ ದರ ಕಟ್ಟಿ, ಪುಸ್ತಕದಲ್ಲಿ ಬರೆದಿದ್ದಾಳೆ. ಅಕ್ಕಿಯನ್ನು ನಾವೇ ಕೊಂಡೆವು. ಅದೇ ನಮ್ಮ ಮೊದಲ ಜಮಾ.

ಇನ್ನೊಂದು ಸಣ್ಣ ಪ್ರಶ್ನೆ. ಅವರ ಹಾಡಿಗೆ ಖುವಾಂಗ್ ಎಂಬ ಡೋಲು ಬೇಕೇ ಬೇಕಂತೆ. ಮಹಡಿಯ ಮೇಲೆ ಬಾರಿಸಬಹುದೇ? ಪಕ್ಕದ ಮನೆಯ ಹುಡುಗಿ ಪ್ಲಸ್ ಟು ಓದುತ್ತಿದ್ದಾಳೆ.

ವಿದ್ಯಾನಗರದ ಟೀಚರ್:

ಮಾರ್ಚ್ ಪರೀಕ್ಷೆ ಮುಗಿಯುವವರೆಗೆ ಚಪ್ಪಾಳೆ ತಟ್ಟಿಕೊಂಡು ಹಾಡಲಿ. ಆಮೇಲೆ ಆ ಹುಡುಗಿಯ ತಾಯಿಯನ್ನು ಕೇಳಿ, ನಮ್ಮನ್ನಲ್ಲ.