ಮಿಲ್ಲರ್ಸ್ ಕೋರ್ಟಿನ ಆ ಬಾಗಿಲಿಗಿದ್ದದ್ದು ಚಿಲಕವೋ, ಬೀಗವೋ?

ತೀರ್ಥಹಳ್ಳಿಯ ಓದುಗ:
ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ 1888ರ ನವೆಂಬರ್ 9ರಂದು ಕೊಲೆಯಾದ, ‘ಜಾಕ್ ದಿ ರಿಪ್ಪರ್’ ಎಂಬ ಸರಣಿ ಕೊಲೆಗಾರನಿಗೆ ಬಲಿಯಾದಳೆನ್ನಲಾದ ಮೇರಿ ಜೇನ್ ಕೆಲ್ಲಿ, ಮಿಲ್ಲರ್ಸ್ ಕೋರ್ಟ್ ಎಂಬ ವಠಾರದಲ್ಲಿ ಬಾಡಿಗೆಗಿದ್ದ 13ನೆಯ ನಂಬರಿನ ಕೋಣೆಯ ಬಗ್ಗೆ ನನಗೊಂದು ಸಂದೇಹವಿದೆ. ಕೀಲಿಕೈ ಮೊದಲೇ ಕಳೆದುಹೋಗಿತ್ತೆಂದೂ, ಒಡೆದ ಕಿಟಕಿಯೊಳಗೆ ಕೈ ತೂರಿಸಿ ಚಿಲಕ ಸರಿಸಿ ಬಾಗಿಲು ತೆಗೆಯುತ್ತಿದ್ದರೆಂದೂ ಓದಿದ್ದೇನೆ. ಹಾಗಿದ್ದರೆ ಕೊಲೆಗಾರ ಹೊರಟುಹೋದ ಮೇಲೆ ಬಾಗಿಲು ಭದ್ರವಾದದ್ದು ಹೇಗೆ? ನಮ್ಮ ಹಳೆಯ ಮನೆಯ ಹೆಬ್ಬಾಗಿಲಿಗೆ ಗೋಡೆಯೊಳಗಿಂದ ಎಳೆದು ಹಾಕುವ ಮರದ ಅಗುಳಿ ಇದೆ. ಒಳಗೊಬ್ಬರು ಇಲ್ಲದೆ ಅದನ್ನು ಹಾಕಲಾಗದು.

ಸಾಗರದ ಬಡಗಿ:
ತೊಡಕಿರುವುದು ‘ಚಿಲಕ’ ಎಂಬ ಮಾತಿನಲ್ಲಿಯೇ, ಸರ್. ಕೊಲೆಯ ತನಿಖೆ ನಡೆಸಿದ ಇನ್‌ಸ್ಪೆಕ್ಟರ್ ಅಬರ್ಲೈನ್ ಸಾಕ್ಷ್ಯ ನುಡಿಯುವಾಗ ಬಳಸಿದ ಪದ ‘ಕ್ಯಾಚ್’. ಅದು ಸ್ಪ್ರಿಂಗ್ ಬೀಗದ ನಾಲಿಗೆ ಎಂಬುದು ನನ್ನ ಅಭಿಪ್ರಾಯ. ಅಂಥ ಬೀಗದ ನಾಲಿಗೆಯ ಒಂದು ಬದಿ ಓರೆಯಾಗಿರುತ್ತದೆ. ಬಾಗಿಲನ್ನು ಎಳೆದುಕೊಂಡಾಗ ಆ ಓರೆ ಚೌಕಟ್ಟಿಗೆ ತಾಗಿ ನಾಲಿಗೆ ಹಿಂದೆ ಸರಿಯುತ್ತದೆ, ಬಾಗಿಲು ಪೂರ್ತಿ ಕೂತೊಡನೆ ಸ್ಪ್ರಿಂಗ್ ಅದನ್ನು ತೂತಿನೊಳಗೆ ನೂಕುತ್ತದೆ. ಆಮೇಲೆ ಹೊರಗಿನವರಿಗೆ ಕೀಲಿಕೈ ಬೇಕು, ಒಳಗಿನವರಿಗೆ ಗುಂಡಿ ಎಳೆದರೆ ಸಾಕು. ಕಳೆದ ಮಳೆಗಾಲ ನಾನು ಇಂಥದೇ ಬೀಗ ಕೂರಿಸಿದ ಮರುದಿನ ಗಾಳಿಗೆ ಬಾಗಿಲು ಬಡಿದುಕೊಂಡು, ಹಾಲು ತರಲು ಬಂದಿದ್ದ ಮನೆಯೊಡತಿ ಹೊರಗೇ ಉಳಿದರು. ಪಕ್ಕದ ಕಿಟಕಿಯ ಗಾಜು ಕಳಚಿ, ಕೈ ಹಾಕಿ ತೆಗೆದುಕೊಟ್ಟೆ.

ಶಿವಮೊಗ್ಗದ ವಕೀಲೆ:
ಆಕೆಯ ಸಾವಿನ ಬಗ್ಗೆ ನವೆಂಬರ್ 12ರಂದು ನಡೆದ ವಿಚಾರಣೆಯ ಸಾಕ್ಷ್ಯಕ್ಕೆ ಈ ವಿವರಣೆ ಸರಿಯಾಗಿ ಹೊಂದುತ್ತದೆ. ಕೊಲೆಗಾರನೇ ಕೀಲಿಕೈ ಒಯ್ದನೆಂಬ ಭಾವನೆ ಹಬ್ಬಿದೆಯಾದರೂ ಅದು ಕೆಲವು ಕಾಲದಿಂದ ಕಾಣೆಯಾಗಿತ್ತೆಂದು, ಆಕೆಯೊಡನೆ ಅಲ್ಲಿ ವಾಸವಿದ್ದ ಜೋಸೆಫ್ ಬಾರ್ನೆಟ್ ತಿಳಿಸಿದ್ದಾನೆಂದು ಅಬರ್ಲೈನ್ ಸ್ಪಷ್ಟಪಡಿಸಿದರು. ಕಿಟಕಿಯಿಂದ ಬಾಗಿಲು ತೆಗೆಯುವುದು ಬಹಳ ಸುಲಭವೆಂದೂ ಹೇಳಿದರು. ನನ್ನನ್ನು ಕಾಡುವುದು ಈ ಕೊನೆಯ ಮಾತು. ಬಾಡಿಗೆ ಬಾಕಿಯಿದ್ದ ಆ ಹೆಂಗಸು ರಾತ್ರಿ ಮಲಗುತ್ತಿದ್ದದ್ದು, ಉಪಾಯ ಬಲ್ಲ ಯಾರಾದರೂ ತೆಗೆಯಬಹುದಾಗಿದ್ದ ಬಾಗಿಲಿನ ಹಿಂದೆ.

ತೀರ್ಥಹಳ್ಳಿಯ ಓದುಗ:
ಅಷ್ಟು ಸುಲಭವಾಗಿದ್ದರೆ ಗುದ್ದಲಿಯಿಂದ ಬಾಗಿಲು ಒಡೆದದ್ದೇಕೆ?

ಶಿವಮೊಗ್ಗದ ವಕೀಲೆ:
ಮನೆ ಮಾಲೀಕನ ಪರವಾಗಿ ಬಾಡಿಗೆ ಕೇಳಲು ಬಂದ ಥಾಮಸ್ ಬೋಯರ್ ಬೆಳಿಗ್ಗೆ 10.45ಕ್ಕೆ ಬಾಗಿಲು ತಟ್ಟಿ, ಉತ್ತರ ಬಾರದೆ, ಒಡೆದ ಗಾಜಿನ ಮೂಲಕ ಪರದೆ ಸರಿಸಿ ನೋಡಿದ. ಬಂದ ಪೊಲೀಸರು ವಾಸನೆ ಹಿಡಿಯುವ ನಾಯಿಗಳಿಗಾಗಿ ಕಾದು, ಅವು ಬರುವುದಿಲ್ಲವೆಂದು ತಿಳಿದ ಮೇಲೆ, ಮಧ್ಯಾಹ್ನ 1.30ಕ್ಕೆ ಮನೆ ಮಾಲೀಕ ಮೆಕಾರ್ಥಿಯಿಂದ ಬಾಗಿಲು ಒಡೆಸಿದರು. ಕಿಟಕಿಯ ಉಪಾಯ ಅಲ್ಲಿ ವಾಸವಿದ್ದವರ ನಿತ್ಯದ ರೂಢಿ; ಹೊರಗೆ ಕಾದು ನಿಂತಿದ್ದವರಿಗೆ ಅದು ಹೊಳೆಯಲಿಲ್ಲವೆಂದೇ ನಾನು ತಿಳಿಯುತ್ತೇನೆ.

ತೀರ್ಥಹಳ್ಳಿಯ ಓದುಗ:
ಇಬ್ಬರಿಗೂ ವಂದನೆಗಳು. ನನ್ನ ಟಿಪ್ಪಣಿಯಲ್ಲಿ ‘ಚಿಲಕ’ ಎಂದು ಬರೆದುಕೊಂಡಿದ್ದ ಕಡೆಯೆಲ್ಲ ‘ತಾನಾಗಿ ಬೀಳುವ ಬೀಗ’ ಎಂದು ತಿದ್ದಿದ್ದೇನೆ.