"ಪ್ರೆಷರ್ ಇಂಜುರಿ"ಗೆ ಕನ್ನಡದಲ್ಲಿ ಏನನ್ನೋಣ? ಸೋಮವಾರದೊಳಗೆ ಬೇಕು

ಸು.ಜಿ., ಶಿವಮೊಗ್ಗ:

ಎಲ್ಲರಿಗೂ ನಮಸ್ಕಾರ. ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿಯೊಬ್ಬರ ಪ್ರಬಂಧಕ್ಕಾಗಿ ಪ್ರಶ್ನಾವಳಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಪಾರ್ಶ್ವವಾಯು ಬಡಿದೋ ಸೊಂಟದ ಮೂಳೆ ಮುರಿದೋ ಹಾಸಿಗೆ ಹಿಡಿದವರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿರುವವರಿಗೆ ಕೇಳುವ ಪ್ರಶ್ನೆಗಳು. ಸೋಮವಾರ ನೈತಿಕ ಸಮಿತಿಯ ಮುಂದೆ ಹೋಗಬೇಕು. ಎಲ್ಲ ಮುಗಿದಿದೆ, "ಪ್ರೆಷರ್ ಇಂಜುರಿ" ಒಂದು ಉಳಿದಿದೆ. ಬಹಳ ಹೊತ್ತು ಒಂದೇ ಕಡೆ ಒತ್ತಿ ಚರ್ಮ ಕೆಡುತ್ತದಲ್ಲ, ಅದು.

ಮೊದಲು ಇದನ್ನು "ಪ್ರೆಷರ್ ಅಲ್ಸರ್" ಎನ್ನುತ್ತಿದ್ದರು. 2016ರಲ್ಲಿ ಇದಕ್ಕೆಂದೇ ಇರುವ ಅಮೆರಿಕದ ಸಲಹಾ ಮಂಡಳಿ "ಅಲ್ಸರ್" ತೆಗೆದು "ಇಂಜುರಿ" ಮಾಡಿತು, ಏಕೆಂದರೆ ಮೊದಲ ಹಂತದಲ್ಲಿ ಚರ್ಮ ಒಡೆದಿರುವುದೇ ಇಲ್ಲ. ಹಾಗಾಗಿ "ಹುಣ್ಣು" ಹಾಕಬೇಡಿ ಎಂದು ಗೈಡ್ ಹೇಳಿದ್ದಾರೆ. "ಒತ್ತಡದ ಗಾಯ" ಎಂದು ಬರೆದು ಪಕ್ಕದ ಮನೆಯವರಿಗೆ ಓದಿಸಿದೆ. "ನಮ್ಮ ಮಾವನಿಗೆ ಬಿಪಿ ಇಲ್ಲ" ಎಂದರು. "ಪ್ರೆಷರ್" ಎಂದೇ ಉಳಿಸಿದರೂ ಅದೇ ಗತಿ. ಇದರ ಮೇಲೆ, ಮೂಲ ನೋಡದ ಇನ್ನೊಬ್ಬ ಅನುವಾದಕರು ನನ್ನ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಆಗ "ಸ್ಟ್ರೆಸ್" ಎಂದು ಬಂದರೆ ಎಲ್ಲ ವಾಪಸ್.

ಜೊತೆಗೆ ಕಾಲೇಜಿನವರು "ನರ್ಸಿಂಗ್ ರಿಸರ್ಚ್ ಸೆಲ್" ಎಂಬ ಬೋರ್ಡಿಗೂ ಕನ್ನಡ ಕೇಳಿದ್ದಾರೆ. ಅದು ನಿಧಾನವಾದರೂ ನಡೆಯುತ್ತದೆ.

ವೆಂ.ಶಾ., ಮೈಸೂರು:

ಶಯ್ಯಾವ್ರಣ. ಹಿಂದಿಯಲ್ಲಿ ರೂಢಿಯಲ್ಲಿದೆ, ಭಾರತದ ಯಾವ ಭಾಷೆಗೂ ಒಗ್ಗುತ್ತದೆ. "ಹುಣ್ಣೋ ಗಾಯವೋ" ಎಂಬ ತೊಡಕೂ ಇಲ್ಲಿಲ್ಲ. ಸುಶ್ರುತನೇ ವ್ರಣವನ್ನು ಶಾರೀರ ಮತ್ತು ಆಗಂತು ಎಂದು ಎರಡು ಬಗೆ ಮಾಡಿದ್ದಾನೆ. ದೋಷದಿಂದ ಒಳಗೇ ಹುಟ್ಟಿದ್ದು ಒಂದು, ಹೊರಗಿನ ಆಘಾತದಿಂದ ಬಂದದ್ದು ಇನ್ನೊಂದು. ಅಮೆರಿಕದವರು 2016ರಲ್ಲಿ ಒದ್ದಾಡಿದ್ದನ್ನು ನಮ್ಮ ಒಂದೇ ಶಬ್ದ ಎಂದೋ ಒಳಗೊಂಡಿದೆ. ಬೋರ್ಡಿಗೆ "ಶುಶ್ರೂಷಾ ಸಂಶೋಧನಾ ಘಟಕ". ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ನುಡಿಗಾರ, ಬೆಂಗಳೂರು:

ಶಯ್ಯಾವ್ರಣ ಅಂತ ಬರೆದರೆ ಓದುವವರು ಯಾರು? ಹಳ್ಳಿಯ ಸೊಸೆಯೋ, ಸುಶ್ರುತನೋ?

ಒತ್ತುಹುಣ್ಣು. ಅಶ್ಟೇ. ಒತ್ತಿನಿಂದ ಆದ ಹುಣ್ಣು. ಅಲ್ಲಿ ಎರಡೂ ಕನ್ನಡದ್ದೇ ಪದಗಳು. ಹಳಗನ್ನಡದ "ಪುಣ್" ಇಂದಿನ "ಹುಣ್ಣು", ತಮಿಳಿನಲ್ಲಿ ಇಂದಿಗೂ "ಪುಣ್". "ಗಾಯ"ವನ್ನು ಕನ್ನಡ ಅಂದುಕೊಂಡವರು ತಿಳಿಯಲಿ, ಅದು ಸಂಸ್ಕ್ರುತದ "ಗಾತ" ಸವೆದು ಬಂದ ಎರವಲು. ಗಯ್ಡ್ ಬೇಡ ಅಂದರು ಅಂತ ಒಳ್ಳೆಯ ಪದ ಬಿಡಬೇಕಾಗಿಲ್ಲ.

ವೆಂ.ಶಾ.:

"ಘಾತ" ಬರೆಯಲಾಗದವರಿಂದ ನಿರುಕ್ತಿ ಕಲಿಯುವ ಕಾಲ ಬಂತು.

ಬ.ಹಿ., ಧಾರವಾಡ:

ನೀವಿಬ್ಬರೂ ಕೂತ ಪದಾ ಟಂಕಿಸ್ರಿ. ನಮ್ಮ ಕಡೆ ಮನ್ಯಾಗ ಹಿರ್ಯಾರು ಹಾಸಿಗಿ ಹಿಡದ್ರ "ಬೆನ್ನಿಗೆ ಹುಣ್ಣ ಬಿದ್ದಾವು" ಅಂತಾರ. ದವಾಖಾನ್ಯಾಗ ಸಿಸ್ಟರು "ಬೆಡ್‌ಸೋರ್ ಆಗ್ಯಾವ" ಅಂತಾರ. ಮರುದಿನದಿಂದ ಮನಿ ಸೊಸಿನೂ ಬೆಡ್‌ಸೋರ್ ಅಂತಾಳ. ಅಕ್ಕಾರ, ಬೆಡ್‌ಸೋರ್ ಬರೀರಿ, ಸೋಮವಾರ ಆರಾಮ ನಿದ್ದಿ ಮಾಡ್ರಿ.

ನುಡಿಗಾರ:

ಇದೇ ರೋಗ. ಇವತ್ತು ಹುಣ್ಣು ಬೆಡ್‌ಸೋರ್ ಆಗುತ್ತದೆ, ನಾಳೆ ಊಟ ಮೀಲ್ಸ್ ಆಗುತ್ತದೆ.

ಬ.ಹಿ.:

ಆಗ್ಲೇ ಆಗೇತ್ರಿ. ಬಸ್ ಸ್ಟ್ಯಾಂಡ್ ಎದುರಿನ ಬೋರ್ಡ್ ನೋಡ್ರಿ. ಮತ್ತ ನೀವು "ರೋಗ" ಅಂದ್ರಲ್ಲ, ಅದು ಯಾರ ಮನಿ ಪದಾ?

ಎಂ.ಪಿ., ಮಂಗಳೂರು:

ಮೂವತ್ತಕ್ಕೂ ಹೆಚ್ಚು ವರ್ಷ ವಾರ್ಡಿನಲ್ಲೂ ತರಗತಿಯಲ್ಲೂ ಇದ್ದು ನಿವೃತ್ತಳಾದವಳು ನಾನು. ಸು.ಜಿ. ಅವರೇ, ಗೈಡ್ ಹೇಳಿದ್ದರಲ್ಲಿ ಹುರುಳಿದೆ. ಮೊದಲ ಹಂತದಲ್ಲಿ ಚರ್ಮ ಇಡಿಯಾಗಿರುತ್ತದೆ. ಮೂಳೆ ಉಬ್ಬಿದ ಜಾಗದಲ್ಲಿ, ಅಂದರೆ ಟೊಂಕದ ಕೆಳಗೆ, ಹಿಮ್ಮಡಿಯಲ್ಲಿ, ತೊಡೆಯ ಬದಿಯಲ್ಲಿ, ತಲೆಯ ಹಿಂಬದಿಯಲ್ಲಿ ಕೆಂಪು ಕಾಣುತ್ತದೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿಕೊಳ್ಳುವುದಿಲ್ಲ. ಕಂಡುಹಿಡಿಯಬೇಕಾದ್ದು ಆಗಲೇ. ಅಂಥ ಹೊತ್ತಿನಲ್ಲಿ "ಹುಣ್ಣಾಗಿದೆಯೇ?" ಎಂದು ಕೇಳಿದರೆ ಮನೆಯವರು ಪ್ರಾಮಾಣಿಕವಾಗಿಯೇ "ಇಲ್ಲ" ಎನ್ನುತ್ತಾರೆ. ನಿಮ್ಮ ವಿದ್ಯಾರ್ಥಿನಿಯ ಲೆಕ್ಕ ಅಲ್ಲೇ ಹಳ್ಳ ಹಿಡಿಯಿತು.

ಆದರೆ "ಗಾಯ"ದಲ್ಲೂ ಪೇಚಿದೆ. ಹುಣ್ಣು ತಾನಾಗಿ ಏಳುತ್ತದೆ, ಗಾಯವನ್ನು ಯಾರೋ ಮಾಡಿರುತ್ತಾರೆ. "ನಿಮ್ಮ ಮಾವನವರಿಗೆ ಗಾಯವಾಗಿದೆಯೇ?" ಎಂದು ಸೊಸೆಯನ್ನು ಕೇಳಿ ನೋಡಿ. ಅವಳ ಕಿವಿಗೆ ಬೀಳುವುದು "ನೀನು ಬೀಳಿಸಿದೆಯಾ?" ಎಂದು. ಮೊದಲೇ ನಮ್ಮ ವೃತ್ತಿಯಲ್ಲಿ ಇದಕ್ಕೆ ದೋಷಾರೋಪ ಅಂಟಿಕೊಂಡಿದೆ. ಬೆನ್ನು ಹುಣ್ಣಾದರೆ ಅದು ಬಹುಮಟ್ಟಿಗೆ ರೋಗದ ತಪ್ಪಲ್ಲ, ನೋಡಿಕೊಂಡವರ ತಪ್ಪು ಎಂದು ಫ್ಲಾರೆನ್ಸ್ ನೈಟಿಂಗೇಲ್ 1859ರಲ್ಲೇ ಬರೆದಿಟ್ಟಿದ್ದಾರೆ. ಆ ಹೊರೆಯನ್ನು ಒಬ್ಬಳೇ ಮಾವನ ಮಗ್ಗುಲು ತಿರುಗಿಸುವ ಹೆಣ್ಣುಮಗಳ ತಲೆಯ ಮೇಲೂ ಹೊರಿಸಬೇಕೇ?

ಯಾರೂ ಎತ್ತದ ಮಾತು ಇನ್ನೊಂದಿದೆ. "ಕೆಂಪಾಗಿದೆಯೇ" ಎಂಬ ಪ್ರಶ್ನೆ ನಿಮ್ಮ ಪಟ್ಟಿಯಲ್ಲಿ ಇದ್ದೇ ಇರುತ್ತದೆ. ಅದು ಬೆಳ್ಳಗಿನವರ ಮೈ ನೋಡಿ ಬರೆದ ಪ್ರಶ್ನೆ. ಕಪ್ಪು, ಎಣ್ಣೆಗೆಂಪು ಮೈಬಣ್ಣದಲ್ಲಿ ಆ ಕೆಂಪು ಕಾಣುವುದೇ ಕಷ್ಟ. ನೇರಳೆಯೋ ಇನ್ನಷ್ಟು ಕಪ್ಪೋ ಆಗಿ ಕಾಣುತ್ತದೆ. ಕೈಯಿಟ್ಟು ನೋಡಬೇಕು: ಸುತ್ತಲಿನ ಚರ್ಮಕ್ಕಿಂತ ಬಿಸಿಯೋ ತಣ್ಣಗೋ, ಗಟ್ಟಿಯೋ ಮೆತ್ತಗೋ, ಮುಟ್ಟಿದರೆ ನೋವೋ. "ಚರ್ಮದ ಬಣ್ಣ ಅಕ್ಕಪಕ್ಕದ ಚರ್ಮಕ್ಕಿಂತ ಬೇರೆಯಾಗಿ ಕಾಣುತ್ತಿದೆಯೇ?" ಎಂದು ಬದಲಿಸಲು ಗೈಡ್ ಒಪ್ಪಿಗೆ ಕೇಳಿ. ಹೆಸರು ಏನಿಟ್ಟರೂ ಈ ಒಂದು ಬದಲಾವಣೆ ಬಿಡಬೇಡಿ.

ವೆಂ.ಶಾ.:

ವೈದ್ಯಕೀಯ ವಿವರ ಸರಿ. ಆದರೆ ಪಾರಿಭಾಷಿಕ ಪದ ಇಡೀ ಲಕ್ಷಣಾವಳಿಯನ್ನು ಹೊರಬೇಕಾಗಿಲ್ಲ. "ಮಲೇರಿಯಾ" ಎಂದರೆ ಕೆಟ್ಟ ಗಾಳಿ. ಯಾರಾದರೂ ಬದಲಿಸಿದರೇ?

ಎಂ.ಪಿ.:

ಮಲೇರಿಯಾ ಎಂಬ ಹೆಸರು ಕೇಳಿ ಯಾರೂ "ನನಗೆ ಆ ಗಾಳಿ ಬಡಿದಿಲ್ಲ" ಎಂದು ಉತ್ತರ ಕೊಡುವುದಿಲ್ಲ. ಹುಣ್ಣಿನ ಅರ್ಥ ಎಲ್ಲರಿಗೂ ಗೊತ್ತು, ತೊಂದರೆ ಅದೇ.

ನುಡಿಗಾರ:

ಎಂ.ಪಿ. ಅವರು ಹೇಳಿದ್ದನ್ನು ಒಪ್ಪಿದೆ. "ಒತ್ತುಕಲೆ" ಆಗಬಹುದೇ? ಮೊದಲ ಹಂತಕ್ಕೆ ಒತ್ತುಕಲೆ, ಒಡೆದ ಮೇಲೆ ಒತ್ತುಹುಣ್ಣು.

ಇನ್ನು ಬೋರ್ಡು. ವೆಂ.ಶಾ. ಅವರ "ಶುಶ್ರೂಶೆ" ನರ್ಸಿಂಗಿಗೆ ಹೊಂದುವ ಪದವೇ ಅಲ್ಲ. ಅದರ ಮೊದಲ ತಿಳಿವು "ಕೇಳುವ ಆಸೆ". ಹೇಳಿದ್ದನ್ನು ಕೇಳುವ ಶಿಶ್ಯನಿಂದ ಸೇವೆಯ ಆಳಿಗೆ ಬಂತು. ಕನ್ನಡದ "ಆರಯ್ಕೆ" ನೋಡಿ. ಹಳಗನ್ನಡದ "ಆರಯ್" ಅಂದರೆ ಹುಡುಕು, ಒರೆದು ನೋಡು, ಕಾಪಾಡು, ಎಲ್ಲವೂ. ಕಿಟ್ಟೆಲ್ ಕೋಶ ತೆರೆದು ನೋಡಿ. ಅದೇ ಬೇರಿನಿಂದ ತಮಿಳಿನವರು "ಆರಾಯ್ಚ್ಚಿ" ಮಾಡಿಕೊಂಡರು, ಅಂದರೆ ರಿಸರ್ಚ್! ಆರಯ್ಕೆಯೂ ಅರಸುವಿಕೆಯೂ ಒಂದೇ ಬೇರಿನಲ್ಲಿ ಇರುವಾಗ ನರ್ಸಿಂಗ್ ರಿಸರ್ಚಿಗೆ ಸಂಸ್ಕ್ರುತದ ಬಾಗಿಲು ಯಾಕೆ ತಟ್ಟಬೇಕು? "ಆರಯ್ಕೆಯ ಅರಕೆಮನೆ" ಅಂತ ಬರೆಯಿರಿ.

ಬ.ಹಿ.:

ಹಳೇ ಮೈಸೂರು ಕಡೆ "ಹ" ನುಂಗೋ ಮಂದಿ ಅದನ್ನ ಓದಿ ತೆಂಗಿನಕಾಯಿ ಹಿಡಕೊಂಡ ಬರ್ತಾರ. ಅರಕೆ ಅಂದ್ರ ಅವರಿಗೆ ದೇವರಿಗೆ ಹೊತ್ತದ್ದು.

ಆದ್ರ ಆರೈಕಿ ಮಾತು ಖರೆ ಛಲೋ ಅದ. ಈಗಲೂ "ಬೀಗರನ್ನ ಛಂದಗೆ ವಿಚಾರಿಸಿಕೊಂಡ್ರು" ಅಂತೀವಲ್ಲ. ವಿಚಾರಸೂದು, ನೋಡಿಕೊಳ್ಳೂದು ಎರಡೂ ಒಂದ.

ವೆಂ.ಶಾ.:

ಶುಶ್ರೂಷೆಯ ಧಾತು "ಶ್ರು" ಎಂಬುದು ನನಗೆ ತಿಳಿಯದ್ದಲ್ಲ. ರೋಗಿ ಹೇಳುವುದನ್ನು ಕೇಳುವ ಬಯಕೆ ಎಂದುಕೊಂಡರೆ ಈ ವೃತ್ತಿಗೆ ಅದಕ್ಕಿಂತ ಘನವಾದ ಶಬ್ದ ಬೇಕೇ? ಆರೋಗ್ಯ ಇಲಾಖೆಯ ಆದೇಶಗಳಲ್ಲಿ ಈಗಾಗಲೇ "ಶುಶ್ರೂಷಾಧಿಕಾರಿ" ಎಂದಿದೆ. ಆರೈಕೆ ಬಾಣಂತಿಗೂ ಉಂಟು, ಅಡಿಕೆ ಸಸಿಗೂ ಉಂಟು. ದಾದಿಯರ ಸಂಶೋಧನೆ ಎಂದರೆ ಪ್ರಶ್ನಾವಳಿ ಹಂಚಿ ಒಟ್ಟುಗೂಡಿಸುವುದು, ಅದಕ್ಕೆ ಇಷ್ಟು ಹಳಗನ್ನಡದ ಅಗತ್ಯವೂ ನನಗೆ ಕಾಣದು.

ಎಂ.ಪಿ.:

ಎರಡು ಮಾತು ಹೇಳಿ ಸುಮ್ಮನಾಗುತ್ತೇನೆ, ಶಾಸ್ತ್ರಿಗಳೇ.

"ದಾದಿ" ಬೇಡ. ಧಾತ್ರಿಯ ತದ್ಭವ ಎಂದು ನೀವೇ ಹೇಳುತ್ತೀರಿ, ಹಾಲೂಡಿಸುವವಳು. ಮೂರು, ನಾಲ್ಕು ವರ್ಷ ಓದಿ, ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿ, ರಾತ್ರಿಪಾಳಿಯಲ್ಲಿ ಒಂದಿಡೀ ವಾರ್ಡು ನೋಡಿಕೊಳ್ಳುವವರನ್ನು ಹಾಗೆ ಕರೆದರೆ ಅವರಿಗೆ ಬೇಜಾರಾಗುತ್ತದೆ. ಗಂಡಸು ನರ್ಸ್‌ಗಳನ್ನು ಏನೆಂದು ಕರೆಯುತ್ತೀರೋ ಅದೂ ನೋಡಬೇಕು.

ಪ್ರಶ್ನಾವಳಿ ಹಂಚುವುದು ಎಂದಿರಿ. 1962ರಲ್ಲಿ ಇಂಗ್ಲೆಂಡಿನಲ್ಲಿ ಡೋರೀನ್ ನಾರ್ಟನ್ ಎಂಬ ನರ್ಸ್ ಇಬ್ಬರು ಜೊತೆಗಾರರೊಡನೆ ಆಸ್ಪತ್ರೆಯ ವೃದ್ಧರನ್ನು ಗಮನಿಸಿ ಬರೆದ ವರದಿಯಿಂದಲೇ ಯಾರಿಗೆ ಈ ಹುಣ್ಣಾದೀತು ಎಂದು ಮೊದಲೇ ಅಂದಾಜಿಸುವ ಅಳತೆ ಬಂತು. ಐದು ಅಂಶ: ಮೈಯ ಸ್ಥಿತಿ, ಮನಸ್ಸಿನ ಸ್ಥಿತಿ, ಓಡಾಟ, ಅಂಗಗಳ ಚಲನೆ, ಮಲಮೂತ್ರದ ಹಿಡಿತ. 1987ರಲ್ಲಿ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ ಪ್ರಕಟಿಸಿದ ಅಳತೆಯಲ್ಲಿ ಆರು ಅಂಶ, ಒಟ್ಟು 6ರಿಂದ 23 ಅಂಕ, ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಇವರೂ ನರ್ಸ್‌ಗಳೇ. ನಾನು ಕಲಿಯುವಾಗ ಸ್ಪಿರಿಟ್ ಹಾಕಿ ಬೆನ್ನು ತಿಕ್ಕಿ ಪೌಡರ್ ಬಳಿಯುವುದೇ ದೊಡ್ಡ ಸೇವೆ. ಈಗ ಕೆಂಪಾದ ಜಾಗವನ್ನು ತಿಕ್ಕಲೇಬೇಡಿ ಎನ್ನುತ್ತೇವೆ, ನಡುವೆ ತೂತಿರುವ ರಿಂಗ್ ಕುಶನ್ ಕೊಡಬೇಡಿ ಎನ್ನುತ್ತೇವೆ. ಇದೆಲ್ಲ ಬದಲಾದದ್ದು ಹೀಗೆ ಕೂತು ಎಣಿಸಿ, ನೋಡಿ, ಬರೆದಿಟ್ಟವರಿಂದ.

ಸು.ಜಿ. ಅವರೇ, ತಿಕ್ಕುವ ಪ್ರಶ್ನೆ ನಿಮ್ಮಲ್ಲೂ ಇದ್ದರೆ "ಮಸಾಜ್ ಮಾಡುತ್ತೀರಾ" ಎನ್ನಬೇಡಿ, "ತಿಕ್ಕುತ್ತೀರಾ, ಉಜ್ಜುತ್ತೀರಾ" ಎಂದೇ ಕೇಳಿ. ಮಸಾಜ್ ಎಂದರೆ ದುಡ್ಡು ಕೊಟ್ಟು ಮಾಡಿಸುವುದು ಎಂದುಕೊಂಡು "ಇಲ್ಲ" ಎನ್ನುತ್ತಾರೆ.

ವೆಂ.ಶಾ.:

"ದಾದಿ" ಹಿಂತೆಗೆದುಕೊಂಡೆ. "ಶಯ್ಯಾವ್ರಣ" ಹಿಂತೆಗೆದುಕೊಳ್ಳುವುದಿಲ್ಲ.

ನಿರ್ವಾಹಕ:

ಎರವಲು ಪದ, ಮಹಾಪ್ರಾಣ, ಮೀಲ್ಸ್ ಬೋರ್ಡುಗಳ ಚರ್ಚೆಗೆ ಬೇರೆ ಎಳೆ ಶುರುಮಾಡಿ. ಕೇಳಿದವರಿಗೆ ಸೋಮವಾರ ಗಡುವಿದೆ.

ನುಡಿಗಾರ:

ಬೇರೆ ಎಳೆ ಯಾಕೆ? ಕೇಳಿರುವುದೇ ಎರವಲಿನ ಬಗೆಗೆ.

ಸು.ಜಿ.:

ಎಲ್ಲರಿಗೂ ವಂದನೆಗಳು. ಗೈಡ್ ಜೊತೆ ಫೋನಿನಲ್ಲಿ ಮಾತಾಡಿದೆ. ಶೀರ್ಷಿಕೆಯಲ್ಲಿ "ಮಲಗಿದಲ್ಲೇ ಒತ್ತಿ ಆಗುವ ಚರ್ಮದ ಹಾನಿ" ಎಂದು ಹಾಕಿ, ಮೊದಲ ಸಲ ಬಂದಾಗ ಪಕ್ಕದಲ್ಲಿ "ಬೆಡ್‌ಸೋರ್, ಬೆನ್ನುಹುಣ್ಣು ಎಂದೂ ಕರೆಯುತ್ತಾರೆ" ಎಂದು ಸೇರಿಸಿದೆ. "ಗಾಲಿಕುರ್ಚಿಯಲ್ಲಿ ಕೂತೇ ಇರುವವರಿಗೂ ಆಗುತ್ತದಲ್ಲ, ಮೂಗಿನ ನಳಿಕೆ ಒತ್ತಿದಲ್ಲೂ ಆಗುತ್ತದಲ್ಲ" ಎಂದು ಗೈಡ್ ಕೇಳಿದರು. ಹಾಗಾಗಿ "ಮಲಗಿದಲ್ಲೇ" ತೆಗೆದು "ಒಂದೇ ಕಡೆ ಒತ್ತಿ" ಮಾಡಿದೆ. ಉದ್ದವಾಯಿತು, ಗೊತ್ತು. ಶಯ್ಯೆ, ಹಾಸಿಗೆ, ಬೆಡ್ ಮೂರೂ ಅದೇ ಕಾರಣಕ್ಕೆ ಶೀರ್ಷಿಕೆಯಿಂದ ಬಿದ್ದುಹೋದವು. ಕೆಂಪಿನ ಪ್ರಶ್ನೆ ಎಂ.ಪಿ. ಮೇಡಂ ಹೇಳಿದಂತೆಯೇ ಬದಲಾಯಿತು. "ಒತ್ತುಕಲೆ" ನನಗೆ ಇಷ್ಟವಾಯಿತು, ಆದರೆ ಓದಿಸಿ ನೋಡಿದರೆ ಬಿಗಿಯಾದ ಲಾಡಿ ಬಿಟ್ಟು ಹೋದ ಗುರುತು ಎಂದುಕೊಂಡರು.

ಬೋರ್ಡಿಗೆ ಪ್ರಾಂಶುಪಾಲರು "ಶುಶ್ರೂಷಾ ಸಂಶೋಧನಾ ಘಟಕ" ಆರಿಸಿದ್ದಾರೆ. ಶ, ಷ ಎರಡನ್ನೂ ಅದದರ ಜಾಗದಲ್ಲಿ ಬರೆಯುವ ಪೇಂಟರ್ ಶಿವಮೊಗ್ಗದಲ್ಲಿ ಯಾರಾದರೂ ಇದ್ದರೆ ತಿಳಿಸಿ.

ಈಗ ಕೊನೆಯ ತೊಡಕು. ಬ್ರೇಡನ್ ಅಳತೆಯ ಆರನೆಯ ಅಂಶ "ಫ್ರಿಕ್ಷನ್ ಅಂಡ್ ಶಿಯರ್". ಫ್ರಿಕ್ಷನ್‌ಗೆ ಉಜ್ಜಾಟ ಎಂದೆ. ಶಿಯರ್?

ವೆಂ.ಶಾ.:

ಭೌತಶಾಸ್ತ್ರದ ಪುಸ್ತಕಗಳಲ್ಲಿ ನೋಡಿ ಹೇಳುತ್ತೇನೆ.

ಎಂ.ಪಿ.:

ನೋಡುವಷ್ಟು ಸಮಯ ಅವರಿಗಿಲ್ಲ. ತಲೆಯ ಕಡೆ ಮಂಚ ಎತ್ತಿದಾಗ ರೋಗಿ ಕೆಳಕ್ಕೆ ಜಾರುತ್ತಾರೆ. ಹೊರಗಿನ ಚರ್ಮ ಹಾಸಿಗೆಗೆ ಅಂಟಿಕೊಂಡು ನಿಲ್ಲುತ್ತದೆ, ಒಳಗಿನ ಮೂಳೆ ಮುಂದಕ್ಕೆ ಹೋಗುತ್ತದೆ, ನಡುವಿನ ರಕ್ತನಾಳ ಹಿಗ್ಗಿ ಹಿಂಡಿದಂತಾಗುತ್ತದೆ. ಅದಕ್ಕೇ 30 ಡಿಗ್ರಿಗಿಂತ ಮೇಲೆ ಹೆಚ್ಚು ಹೊತ್ತು ಎತ್ತಿಡಬೇಡಿ ಎನ್ನುವುದು. ಇದನ್ನು ಹೇಳುವ ಪದ ಬೇಕು.

ನುಡಿಗಾರ:

ಜಾರೆಳೆತ.

ಬ.ಹಿ.:

ಈ ಸಲ ಬರೋಬ್ಬರಿ ಅಂದ್ರಿ. ಆದ್ರ ಒಡೆದು "ಜಾರುವಾಗಿನ ಎಳೆತ" ಅಂತ ಬರೀರಿ ಅಕ್ಕಾರ, ಕೂಡಿಸಿದ್ರ ಜಾತ್ರಿ ಹೆಸರಿನಂಗ ಕಾಣ್ತದ.

ನುಡಿಗಾರ:

ಕೂಡಿಸಿಯೇ ಬರೆಯಬೇಕು. ಅದು ಸಮಾಸ.

ವೆಂ.ಶಾ.:

"ಸಮಾಸ" ಸಂಸ್ಕೃತ ಶಬ್ದ.