ಕಾರ್ಬ್ಯುರೇಟರ್ ಜಿಪ್ಸಿಗೆ ಬಲೆನೊ 1.6 ಎಂಜಿನ್: ಮನೆಯ ಶೆಡ್ಡಿನಲ್ಲೇ ಕೂರಿಸಬಹುದೇ?

ಪ್ರಶ್ನೆ (ಸಕಲೇಶಪುರದ ಸದಸ್ಯರು):

ನಮಸ್ಕಾರ ಸರ್. ನಮ್ಮ ಕಾಫಿ ತೋಟದಲ್ಲಿ 1998ರ ಮಾರುತಿ ಜಿಪ್ಸಿ ಕಿಂಗ್ ಇದೆ. ಕಾರ್ಬ್ಯುರೇಟರ್‌ನ 8 ವಾಲ್ವ್ 1.3 ಲೀಟರ್ ಎಂಜಿನ್. ನಾಲ್ಕು ಮೂಟೆ ಹೇರಿಕೊಂಡು ಮೇಲಿನ ಬ್ಲಾಕಿಗೆ ಹತ್ತಬೇಕೆಂದರೆ ಲೋ ರೇಂಜ್ ಹಾಕದೆ ಗತಿಯಿಲ್ಲ. ವರ್ಷಕ್ಕೊಮ್ಮೆ ಆಫ್‌ರೋಡ್ ಸ್ಪರ್ಧೆಗಳಿಗೂ ಒಯ್ಯುವ ಆಸೆ ಇದೆ. ಹಾಸನದ ಸ್ನೇಹಿತರೊಬ್ಬರು ಹಳೆಯ ಬಲೆನೊ ಸೆಡಾನ್‌ನ 1.6 ಎಂಜಿನ್ ಒಂದನ್ನು ನೋಡಿಟ್ಟಿದ್ದಾರೆ. ಪೇಟೆಯ ಮೆಕ್ಯಾನಿಕ್ ಎರಡೇ ದಿನದಲ್ಲಿ ಕೂರಿಸಿಕೊಡುತ್ತೇನೆ ಎನ್ನುತ್ತಾರೆ. ಆದರೆ ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆ ಇರುವಾಗ ನಮ್ಮ ಶೆಡ್ಡಿನಲ್ಲೇ ನಿಧಾನವಾಗಿ ಮಾಡಬೇಕೆಂಬುದು ನನ್ನ ಇಚ್ಛೆ. ಎಲ್ಲಿಂದ ಆರಂಭಿಸಬೇಕು, ಎಂಜಿನ್ ಕೊಳ್ಳುವ ಮುನ್ನ ಏನೇನು ನೋಡಬೇಕು, ಆರ್‌ಟಿಒ ಕಡೆಯಿಂದ ತೊಂದರೆ ಇದೆಯೇ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ:

ನಮಸ್ಕಾರ. ನಿಮ್ಮ ಮೂರನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮುಂದಿನ ಖರ್ಚೆಲ್ಲ ಅದರ ಮೇಲೆ ನಿಂತಿದೆ. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಂ, ಅನುಮತಿಯಿಲ್ಲದ ಪ್ರತಿಯೊಂದು ಬದಲಾವಣೆಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಕೆಟ್ಟ ಎಂಜಿನ್ ತೆಗೆದು ಅದೇ ಬಗೆಯ ಮತ್ತೊಂದನ್ನು ಕೂರಿಸಿ, ಅನುಮತಿ ಪಡೆದು, ಹೊಸ ಎಂಜಿನ್ ನಂಬರನ್ನು ಆರ್‌ಸಿಗೆ ಏರಿಸಿಕೊಳ್ಳುವುದು ಒಂದು ಬಗೆ; 1298 ಸಿಸಿ ಎಂದು ನೋಂದಣಿಯಾದ ಗಾಡಿಯಲ್ಲಿ 1590 ಸಿಸಿಯ ಎಂಜಿನ್ ಇಟ್ಟುಕೊಂಡು ಹೆದ್ದಾರಿಗೆ ಇಳಿಯುವುದು ಇನ್ನೊಂದು ಬಗೆ. ನಿಮ್ಮದು 15 ವರ್ಷ ದಾಟಿದ ಗಾಡಿಯಾದ್ದರಿಂದ ಎಫ್‌ಸಿಗೆ ಹೋದಾಗಲೆಲ್ಲ ಷಾಸಿ ನಂಬರ್, ಎಂಜಿನ್ ನಂಬರ್ ಎರಡನ್ನೂ ತಾಳೆ ನೋಡುತ್ತಾರೆ. ಅಪಘಾತವಾದ ದಿನ ವಿಮಾ ಕಂಪನಿಯ ಸರ್ವೇಯರ್ ನೋಡುವುದೂ ಅದನ್ನೇ.

ಆದ್ದರಿಂದ ಈ ಗಾಡಿ ತೋಟದ ಬೇಲಿಯೊಳಗೆ ಮಾತ್ರ ಓಡುವುದೇ, ಸ್ಪರ್ಧೆಗೆ ಲಾರಿಯ ಮೇಲೆ ಹೋಗುವುದೇ, ಅಥವಾ ಪೇಟೆಗೂ ಬರುವುದೇ ಎಂಬುದನ್ನು ಇಂದೇ ತೀರ್ಮಾನಿಸಿ. ಪೇಟೆಗೂ ಬರಬೇಕಾದರೆ, ಒಂದು ಬೋಲ್ಟನ್ನೂ ಸಡಿಲಿಸುವ ಮುನ್ನ ನಿಮ್ಮ ಭಾಗದ ಆರ್‌ಟಿಒ ಕಚೇರಿಗೆ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯಿರಿ. ಕೌಂಟರಿನಲ್ಲಿ ಯಾರೋ ‘ಆಗುತ್ತೆ ಬನ್ನಿ’ ಎಂದದ್ದನ್ನು ಅನುಮತಿ ಎಂದು ತಿಳಿಯಬೇಡಿ.

ಇನ್ನು ಎಂಜಿನ್. ಇಲ್ಲಿ ಬಲೆನೊ ಎಂದರೆ 1999ರಲ್ಲಿ ಬಂದ ಸೆಡಾನ್. ಈಚಿನ ಹ್ಯಾಚ್‌ಬ್ಯಾಕ್ ಅಲ್ಲ. ನಿಮ್ಮ 1.3 ಮತ್ತು ಆ 1.6, ಎರಡೂ ಸುಜುಕಿಯ ಜಿ ಸರಣಿಯವು, ಒಂದೇ ಮನೆತನದವು. ನಿಮ್ಮದರ ಬೋರ್ (ಸಿಲಿಂಡರಿನ ವ್ಯಾಸ) 74 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಚಲಿಸುವ ದೂರ) 75.5 ಮಿ.ಮೀ.; ಅದರ ಬೋರ್ 75, ಸ್ಟ್ರೋಕ್ 90. ಅಂದರೆ ಹೆಚ್ಚಿನ ಸಿಸಿ ಬಂದದ್ದು ಬಹುಪಾಲು ಉದ್ದನೆಯ ಸ್ಟ್ರೋಕ್‌ನಿಂದ. ಸುಮಾರು 60 ಅಶ್ವಶಕ್ತಿಯ ಜಾಗದಲ್ಲಿ 90ಕ್ಕೂ ಮೀರಿದ ಶಕ್ತಿ ಸಿಗುವುದು ನಿಜವಾದರೂ, ನಿಮ್ಮ ಏರಿಗೆ ಒದಗುವುದು ಕೆಳಗಿನ ಆರ್‌ಪಿಎಂನಲ್ಲಿ ಸಿಗುವ ಟಾರ್ಕ್, ಅಂದರೆ ತಿರುಚುವ ಬಲ. ಗೇರ್‌ಬಾಕ್ಸಿನ ಬೆಲ್ ಹೌಸಿಂಗ್ (ಎಂಜಿನ್ನಿಗೆ ಸೇರುವ ಗಂಟೆಯಾಕಾರದ ಕವಚ) ಬೋಲ್ಟುಗಳೂ ಬಹುಮಟ್ಟಿಗೆ ಹೊಂದುತ್ತವೆ. ಹೀಗೆ ಹೊಂದುವುದರಿಂದಲೇ ‘ಎರಡೇ ದಿನದ ಕೆಲಸ’ ಎಂಬ ಮಾತು ಹುಟ್ಟಿಕೊಂಡಿರುವುದು. ಎತ್ತಿ ಇಳಿಸಿ ಬೋಲ್ಟ್ ಬಿಗಿಯಲು ಎರಡು ದಿನ ಸಾಕು. ಉಳಿದ ಕೆಲಸ ಆ ಲೆಕ್ಕದಲ್ಲಿ ಸೇರಿಲ್ಲ.

ಕೊಳ್ಳುವ ಮುನ್ನ ಮಾಡಬೇಕಾದದ್ದು ಕಂಪ್ರೆಶನ್ ಪರೀಕ್ಷೆ. ಸಾಧ್ಯವಾದರೆ ಎಂಜಿನ್ ಇನ್ನೂ ಗಾಡಿಯಲ್ಲಿರುವಾಗಲೇ, ಓಡಿಸಿ ಬಿಸಿಯಾದ ಮೇಲೆ ಮಾಡಿ. ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಇಗ್ನಿಶನ್ ಮತ್ತು ಇಂಜೆಕ್ಟರ್‌ಗಳ ಕನೆಕ್ಷನ್ ತೆಗೆದು, ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದು, ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಸ್ಟಾರ್ಟರ್ ತಿರುಗಿಸಬೇಕು. ಬ್ಯಾಟರಿ ಸೊರಗಿದ್ದರೆ ಒಳ್ಳೆಯ ಎಂಜಿನ್ ಕೂಡ ಕೆಟ್ಟದ್ದರಂತೆ ಕಾಣುತ್ತದೆ. 170 ಪಿಎಸ್‌ಐಗಿಂತ ಕಡಿಮೆ ಬಂದರೆ ಬೆಲೆ ಇಳಿಸಿ ಮಾತನಾಡಿ ಅಥವಾ ಬಿಟ್ಟುಬಿಡಿ. ನಾಲ್ಕು ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 14 ಪಿಎಸ್‌ಐ ಮೀರಬಾರದು. ಕಡಿಮೆ ತೋರಿಸಿದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ: ಮುಳ್ಳು ಏರಿದರೆ ಸವೆದಿರುವುದು ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ. ಆಯಿಲ್ ಕ್ಯಾಪಿನ ಒಳಮೈಯಲ್ಲಿ ಕೆನೆಬಣ್ಣದ ಲೋಳೆ ಕಂಡರೆ ಆಯಿಲಿಗೆ ನೀರು ಸೇರುತ್ತಿರಬಹುದು. ನೆಲದ ಮೇಲೆ ಬಿದ್ದಿರುವ, ತಿರುಗಿಸಿ ತೋರಿಸಲಾಗದ ಎಂಜಿನ್ನಿಗೆ ಮಾರುವವರು ಎಷ್ಟೇ ಖಾತರಿ ಕೊಟ್ಟರೂ ನಾನು ಹಣ ಕೊಡುವುದಿಲ್ಲ.

ಎಂಜಿನ್ ನಂಬರ್ ಬರೆದ ಬಿಲ್ಲು ಮತ್ತು ಅದು ಬಂದ ಕಾರಿನ ಆರ್‌ಸಿ ಪ್ರತಿ ಅಥವಾ ಗುಜರಿಗೆ ಹಾಕಿದ ದಾಖಲೆ ಕೈಗೆ ಸಿಗಬೇಕು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಕೊಂಡರೂ, ಸ್ನೇಹಿತರ ಮೂಲಕ ಕೊಂಡರೂ ಈ ನಿಯಮ ಒಂದೇ. ಎಂಜಿನ್ ಜೊತೆಗೆ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಪೂರ್ತಿ ವೈರಿಂಗ್, ಎಲ್ಲ ಸೆನ್ಸರ್‌ಗಳು, ಥ್ರಾಟಲ್ ಬಾಡಿ ಇವನ್ನೆಲ್ಲ ಒಂದೇ ಕಾರಿನಿಂದ, ಒಂದೇ ವ್ಯವಹಾರದಲ್ಲಿ ತನ್ನಿ. ಕಾರಿಗೆ ಐಕ್ಯಾಟ್ಸ್ ಕಳ್ಳತನ ನಿರೋಧಕ ಇದ್ದರೆ ಅದರ ಕೀ ಮತ್ತು ಮಾಡ್ಯೂಲ್ ಕೂಡ ಬೇಕು. ಇಲ್ಲವಾದರೆ ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಮಾತ್ರ ಹೊತ್ತಿಕೊಳ್ಳುವುದಿಲ್ಲ.

ಈಗ ಅಳತೆಗಳು. ಬಲೆನೊದಲ್ಲಿ ಎಂಜಿನ್ ಅಡ್ಡಡ್ಡ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದುದ್ದ. ಇದರಿಂದ ಮೌಂಟಿಂಗ್, ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ), ಮ್ಯಾನಿಫೋಲ್ಡ್, ಹೋಸ್‌ಗಳ ದಿಕ್ಕು ಎಲ್ಲವೂ ಬದಲಾಗುತ್ತವೆ. ಜಿಪ್ಸಿಯಲ್ಲಿ ನಾಲ್ಕೂ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿಗೆ ಅಂಟಿಕೊಂಡಿಲ್ಲ. ನಡುವೆ ಒಂದು ಗಿಡ್ಡ ಪ್ರೊಪೆಲ್ಲರ್ ಶಾಫ್ಟ್ ಇದೆ. ಜಾಗ ಸಾಲದೆಂದು ಗೇರ್‌ಬಾಕ್ಸನ್ನು ಸ್ವಲ್ಪ ಮುಂದೆ ಎಳೆದರೂ ಆ ಶಾಫ್ಟಿನ ಸ್ಲಿಪ್ ಜಾಯಿಂಟ್ (ಒಂದರೊಳಗೊಂದು ಜಾರುವ ಜೋಡಣೆ) ಹಿಡಿತ ಕಡಿಮೆಯಾಗುತ್ತದೆ, ಗೇರ್ ಲಿವರ್ ಕೂಡ ಫ್ಲೋರಿನ ತೂತಿಗೆ ತಾಗುತ್ತದೆ. ಹಾಗಾಗಿ ಗೇರ್‌ಬಾಕ್ಸ್ ಇದ್ದಲ್ಲೇ ಇರಲಿ, ಎಂಜಿನ್ ಅದರ ಬಳಿಗೆ ಬರಲಿ. ಫೈರ್‌ವಾಲಿಗೂ ಹೆಡ್ಡಿನ ಹಿಂತುದಿಗೂ ನಡುವೆ ಕೈ ತೂರುವಷ್ಟು ಜಾಗ ಉಳಿಯುವುದೇ, ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟೀರಿಂಗ್ ಶಾಫ್ಟಿಗೆ ತೀರ ಹತ್ತಿರವಾಗುವುದೇ, ಬಾನೆಟ್ ಮುಚ್ಚುವುದೇ ಎಂಬುದನ್ನು ಬ್ರಾಕೆಟ್ ವೆಲ್ಡಿಂಗ್ ಮಾಡುವ ಮುನ್ನವೇ, ಎಂಜಿನ್ ಸರಪಳಿಯಲ್ಲಿ ನೇತಾಡುತ್ತಿರುವಾಗ ನೋಡಿಕೊಳ್ಳಿ.

ಸಂಪ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಜಿಪ್ಸಿಯ ಮುಂದಿನ ಆಕ್ಸಲ್ ಒಂದೇ ತುಂಡಿನ ಗಟ್ಟಿ ಆಕ್ಸಲ್. ಗುಂಡಿಗೆ ಬಿದ್ದಾಗ ಅದು ಸಂಪಿನ ಕಡೆಗೆ ಏರಿ ಬರುತ್ತದೆ. ಗಾಡಿ ನೆಲದ ಮೇಲೆ ನಿಂತಿರುವಾಗಿನ ಅಂತರವನ್ನು ನೋಡಿ ಸಮಾಧಾನಪಡಬೇಡಿ. ಬಂಪ್ ಸ್ಟಾಪಿಗೆ (ಆಕ್ಸಲ್ ಮೇಲೇರುವುದನ್ನು ತಡೆಯುವ ರಬ್ಬರಿಗೆ) ಆಕ್ಸಲ್ ತಾಗುವವರೆಗೆ ಜಾಕಿಯಿಂದ ಎತ್ತಿ ಅಳೆಯಿರಿ. ಎರಡೂ ಸಂಪ್‌ಗಳನ್ನು ಪಕ್ಕಪಕ್ಕದಲ್ಲಿ ಕವುಚಿಟ್ಟು ಬೋಲ್ಟ್ ತೂತುಗಳನ್ನು ಹೋಲಿಸಿ. ಸಂಪ್ ಬದಲಿಸಿದರೂ, ಕತ್ತರಿಸಿ ವೆಲ್ಡ್ ಮಾಡಿದರೂ, ಒಳಗಿನ ಆಯಿಲ್ ಪಿಕಪ್ ಕೊಳವೆ ಅದಕ್ಕೆ ತಕ್ಕುದಾಗಿರಬೇಕು. ಪಿಕಪ್ಪಿನ ಬಾಯಿಗೆ ಮಕ್ಕಳು ಆಡುವ ಪ್ಲಾಸ್ಟಿಸಿನ್ ಅಂಟಿಸಿ, ಸಂಪ್ ಕೂರಿಸಿ ತೆಗೆದರೆ ಒತ್ತಿಹೋದ ದಪ್ಪವೇ ನಿಮ್ಮ ಅಂತರ. ಅದು 6ರಿಂದ 10 ಮಿ.ಮೀ. ಇರಲಿ. ಹೆಚ್ಚಾದರೆ ಏರಿನಲ್ಲಿ ಪಂಪ್ ಗಾಳಿ ಎಳೆಯುತ್ತದೆ, ಕಡಿಮೆಯಾದರೆ ಆಯಿಲ್ ಸಾಲುವುದಿಲ್ಲ. ಎರಡರಲ್ಲೂ ಹಾಳಾಗುವುದು ಬೇರಿಂಗ್.

ಫ್ಲೈವೀಲ್, ಕ್ಲಚ್ ಪ್ಲೇಟ್, ಪೈಲಟ್ ಬೇರಿಂಗ್ ಈ ಮೂರನ್ನೂ ಮೇಜಿನ ಮೇಲೇ ಜೋಡಿಸಿ ನೋಡಿ. ಕ್ಲಚ್ ಪ್ಲೇಟಿನ ಹಲ್ಲುಗಳು ಜಿಪ್ಸಿಯ ಇನ್‌ಪುಟ್ ಶಾಫ್ಟಿಗೆ ಹೊಂದಬೇಕು. ಆ ಶಾಫ್ಟಿನ ಮುಂತುದಿಗೆ ಕೂರಲು ಬೇರಿಂಗಿಗೆ ಜಾಗವಿರಬೇಕು. ಎಂಜಿನ್ ಮತ್ತು ಗೇರ್‌ಬಾಕ್ಸ್ ಕೈಯ ಒತ್ತಡಕ್ಕೇ ಒಂದಕ್ಕೊಂದು ಕೂಡಿಕೊಳ್ಳಬೇಕು. ಬೋಲ್ಟ್ ಬಿಗಿಯುತ್ತಾ ಅವನ್ನು ಹತ್ತಿರಕ್ಕೆ ಎಳೆಯುವವರು ಬೆಲ್ ಹೌಸಿಂಗಿನ ಕಿವಿಯನ್ನು ಮುರಿದೇ ನಿಲ್ಲಿಸುತ್ತಾರೆ.

ಪ್ರಶ್ನೆ (ಮೈಸೂರಿನ ಇನ್ನೊಬ್ಬ ಸದಸ್ಯರು):

ನನ್ನದೂ ಕಾರ್ಬ್ಯುರೇಟರ್ ಗಾಡಿಯೇ. ಪೆಟ್ರೋಲ್ ಲೈನು ಮತ್ತು ವೈರಿಂಗ್ ಹಳೆಯದನ್ನೇ ಉಳಿಸಿಕೊಂಡರೆ ನಡೆಯುವುದೇ?

ಉತ್ತರ:

ಪೆಟ್ರೋಲ್ ಲೈನನ್ನು ಖಂಡಿತ ಉಳಿಸಿಕೊಳ್ಳಬೇಡಿ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಕೊಡುವ ಮೆಕ್ಯಾನಿಕಲ್ ಪಂಪಿನ ಒತ್ತಡ ಬಾರ್‌ನ ಕಾಲುಭಾಗದ ಆಸುಪಾಸು. ಬಲೆನೊ ಎಂಜಿನ್ನಿನಲ್ಲಿರುವ, ಇಂಜೆಕ್ಟರ್ ಮೂಲಕ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐಗೆ ಎರಡೂವರೆಯಿಂದ ಮೂರು ಬಾರ್ ಬೇಕು. ಹಳೆಯ ರಬ್ಬರ್ ಹೋಸ್ ಆ ಒತ್ತಡಕ್ಕೆ ಬಿರಿದು, ಕಾದ ಮ್ಯಾನಿಫೋಲ್ಡಿನ ಮೇಲೆ ಪೆಟ್ರೋಲ್ ಚಿಮ್ಮಿದರೆ ಗಾಡಿ ಉಳಿಯುವುದಿಲ್ಲ. ಇಂಜೆಕ್ಷನ್ನಿಗೆಂದೇ ಬರುವ ಹೋಸ್, ಅದಕ್ಕೆ ತಕ್ಕ ಕ್ಲಿಪ್, ಟ್ಯಾಂಕಿಗೆ ಮರಳುವ ಲೈನು ಇವು ಬೇಕೇ ಬೇಕು. ಎಂಪಿಎಫ್‌ಐ ಜಿಪ್ಸಿಯ ಟ್ಯಾಂಕ್ ಪಂಪ್ ಸಮೇತ ಸಿಕ್ಕರೆ ಅರ್ಧ ತಲೆನೋವು ಕಡಿಮೆಯಾದಂತೆ.

ವೈರಿಂಗ್ ವಿಷಯದಲ್ಲಿ ಗಾಡಿಯ ಲೈಟು, ಹಾರ್ನ್ ಮುಂತಾದವು ಹಾಗೇ ಇರಲಿ. ಎಂಜಿನ್ ವೈರಿಂಗನ್ನು ಪ್ರತ್ಯೇಕವಾಗಿ, ತನ್ನದೇ ಫ್ಯೂಸ್ ಮತ್ತು ರಿಲೇಗಳೊಂದಿಗೆ ಎಳೆಯಿರಿ. ಎಂಜಿನ್ ಬಂದ ಕಾರಿನಿಂದ ಬಿಚ್ಚುವಾಗಲೇ ಪ್ರತಿ ಕನೆಕ್ಟರಿಗೂ ಚೀಟಿ ಅಂಟಿಸಿ, ಫೋಟೋ ತೆಗೆದಿಟ್ಟುಕೊಳ್ಳಿ. ವೈರ್ ಕತ್ತರಿಸಿ ತಂದ ಹಾರ್ನೆಸ್ (ವೈರಿಂಗ್ ಕಟ್ಟು) ಎಷ್ಟು ಅಗ್ಗವಾದರೂ ಬೇಡ. ಅರ್ತಿಂಗ್ ಅನ್ನು ಮಾತ್ರ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ: ಎಂಜಿನ್ನಿನಿಂದ ಷಾಸಿಗೆ, ಷಾಸಿಯಿಂದ ಬ್ಯಾಟರಿಗೆ ದಪ್ಪನೆಯ ಕೇಬಲ್ ಹೋಗಬೇಕು, ಅದು ಕೂರುವ ಜಾಗದ ಪೇಂಟ್ ಕೆರೆದಿರಬೇಕು. ಸೆನ್ಸರ್ ಕೆಟ್ಟಿದೆ ಎಂದು ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಹಲವಕ್ಕೆ ಬೇಕಾಗಿರುವುದು ಒಂದು ಒಳ್ಳೆಯ ಅರ್ತ್ ಅಷ್ಟೇ.

ಪ್ರಶ್ನೆ (ಸಕಲೇಶಪುರದ ಸದಸ್ಯರು):

ವಿವರವಾದ ಉತ್ತರಕ್ಕೆ ಧನ್ಯವಾದಗಳು ಸರ್. ನಮ್ಮ ಶೆಡ್ಡಿಗೆ ಮಂಗಳೂರು ಹೆಂಚಿನ ಮಾಡು, ದಪ್ಪನೆಯ ಮರದ ತೊಲೆ ಇದೆ. ಅದಕ್ಕೇ ಚೈನ್ ಬ್ಲಾಕ್ ಕಟ್ಟಿ ಎಂಜಿನ್ ಎತ್ತಬಹುದೇ? ಬ್ರೇಕು, ರೇಡಿಯೇಟರ್ ಇವನ್ನೂ ಈಗಲೇ ಬದಲಿಸಬೇಕೇ?

ಉತ್ತರ:

ತೊಲೆಗೆ ಕಟ್ಟಬೇಡಿ. ಹೆಂಚಿನ ಭಾರ ಹರಡಿಕೊಂಡು ಬೀಳುತ್ತದೆ. ಗೇರ್‌ಬಾಕ್ಸ್ ಸಮೇತ 100 ಕಿಲೋ ಮೀರುವ ಎಂಜಿನ್ನಿನ ಭಾರ ಒಂದೇ ಬಿಂದುವಿನಲ್ಲಿ, ಅದೂ ಜಗ್ಗಾಟದೊಂದಿಗೆ ಬೀಳುತ್ತದೆ. ಮಲೆನಾಡಿನ ಹಳೆಯ ತೊಲೆಯೊಳಗೆ ಗೆದ್ದಲು ಎಷ್ಟು ತಿಂದಿದೆ ಎಂಬುದು ಹೊರಗಿನಿಂದ ಗೊತ್ತಾಗುವುದಿಲ್ಲ. ಎಂಜಿನ್ ಕ್ರೇನನ್ನು ಬಾಡಿಗೆಗೆ ತನ್ನಿ. ಅದರ ಚಕ್ರಗಳು ಮಣ್ಣಿನ ನೆಲದಲ್ಲಿ ಉರುಳುವುದಿಲ್ಲವಾದ್ದರಿಂದ ಶೆಡ್ಡಿನ ಆ ಭಾಗಕ್ಕಾದರೂ ಮಳೆಗೆ ಮುಂಚೆಯೇ ಕಾಂಕ್ರೀಟ್ ಹಾಕಿಸಿ. ಗಾಡಿಯ ಕೆಳಗೆ ಹೋಗುವಾಗ ಜಾಕ್ ಸ್ಟ್ಯಾಂಡ್ ಇರಲೇಬೇಕು. ಹಾಲೋ ಬ್ಲಾಕ್ ಇಟ್ಟು ಕೆಳಗೆ ಮಲಗುವವರನ್ನು ನಮ್ಮ ಗ್ಯಾರೇಜಿನಲ್ಲಿ ನಾವು ಕೆಲಸಕ್ಕೆ ಇಟ್ಟುಕೊಳ್ಳುವುದಿಲ್ಲ.

ಬ್ರೇಕಿನ ಕೆಲಸ ಎಂಜಿನ್ನಿಗಿಂತ ಮುಂಚೆ ಆಗಬೇಕು. ಮುಂದಿನ ಡಿಸ್ಕ್, ಹಿಂದಿನ ಡ್ರಮ್ ಎರಡನ್ನೂ ಬಿಚ್ಚಿ, ಬ್ರೇಕ್ ಸಿಲಿಂಡರ್ ಸೋರುವುದನ್ನು ಸರಿಪಡಿಸಿ, ಹೋಸ್‌ಗಳನ್ನು ಹೊಸದಾಗಿ ಹಾಕಿಸಿ. ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟಿಂಗ್‌ಗಳನ್ನೂ ಬದಲಿಸಿ. ಹೆಚ್ಚಿದ ಟಾರ್ಕ್ ಮೊದಲು ಹರಿಯುವುದು ಅವನ್ನೇ. ರೇಡಿಯೇಟರಿನ ಕೋರ್ ಹಳೆಯದಾಗಿದ್ದರೆ ಹೊಸದು ಹಾಕಿಸಿ, ಎಲೆಕ್ಟ್ರಿಕ್ ಫ್ಯಾನಿಗೆ ರಿಲೇ ಕೊಡಿ. ಹಳ್ಳ ದಾಟುವಾಗ ಫ್ಯಾನ್ ನಿಲ್ಲಿಸಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಇರಲಿ, ಇಲ್ಲವಾದರೆ ನೀರಿನ ಹೊಡೆತಕ್ಕೆ ರೆಕ್ಕೆ ಬಾಗಿ ರೇಡಿಯೇಟರಿಗೇ ತಾಗುತ್ತದೆ. ಟೈಮಿಂಗ್ ಬೆಲ್ಟ್, ವಾಟರ್ ಪಂಪ್, ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲುಗಳು ಇವನ್ನು ಎಂಜಿನ್ ಹೊರಗಿರುವಾಗಲೇ ಬದಲಿಸಿಬಿಡಿ. ಒಳಗೆ ಕೂತ ಮೇಲೆ ಅದೇ ಕೆಲಸಕ್ಕೆ ಹತ್ತುಪಟ್ಟು ಶ್ರಮ.

ಮೊದಲ ಸ್ಟಾರ್ಟಿಗೆ ಮುನ್ನ ಪ್ಲಗ್ ಬಿಚ್ಚಿ, ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಆಯಿಲ್ ಲೈಟ್ ಆರುವವರೆಗೆ ಸ್ಟಾರ್ಟರ್ ತಿರುಗಿಸಿ. ಅನಂತರ ಪ್ಲಗ್, ಫ್ಯೂಸ್ ಎರಡನ್ನೂ ಮರಳಿ ಹಾಕಿ, ಕೀಯನ್ನು ಆನ್ ಸ್ಥಾನಕ್ಕೆ ತಂದು, ಪೆಟ್ರೋಲ್ ಲೈನಿನ ಪ್ರತಿ ಜಾಯಿಂಟನ್ನೂ ಕೈಬೆರಳಿನಿಂದ ಮುಟ್ಟಿ ನೋಡಿ. ಅಗ್ನಿಶಾಮಕವನ್ನು ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ.

ಪ್ರಶ್ನೆ (ಸಕಲೇಶಪುರದ ಸದಸ್ಯರು):

ಕೊನೆಯದಾಗಿ ಒಂದು ಮಾತು. ಹಳೆಯ ಎಂಜಿನ್ನಿಗೆ ಒಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ಕೊಟ್ಟುಬಿಡಲೇ?

ಉತ್ತರ:

ಕೊಡಬೇಡಿ. ನಿಮ್ಮ ಆರ್‌ಸಿಯಲ್ಲಿರುವ ನಂಬರ್ ಆ ಬ್ಲಾಕಿನ ಮೇಲಿದೆ. ಆರ್‌ಟಿಒ ಅನುಮತಿ ಸಿಗದಿದ್ದರೆ ಗಾಡಿಯನ್ನು ರಸ್ತೆಗೆ ಮರಳಿಸಲು ನಿಮಗಿರುವ ಸುಲಭದ ದಾರಿ ಅದೇ. ಪ್ಲಗ್ ತೂತುಗಳಿಂದ ಸ್ವಲ್ಪ ಆಯಿಲ್ ಬಿಟ್ಟು ಕೈಯಿಂದ ತಿರುಗಿಸಿ, ಎಲ್ಲ ಬಾಯಿಗಳನ್ನೂ ಮುಚ್ಚಿ, ನೆಲದ ತೇವ ತಾಗದಂತೆ ಮರದ ಹಲಗೆಯ ಮೇಲೆ ಟಾರ್ಪಾಲಿನ್ ಹೊದಿಸಿ ಇಡಿ. ಕಾರ್ಬ್ಯುರೇಟರ್, ಹಳೆಯ ಪೆಟ್ರೋಲ್ ಪಂಪ್, ಮೌಂಟಿಂಗ್ ಬ್ರಾಕೆಟ್‌ಗಳನ್ನು ಬೋಲ್ಟ್ ಸಮೇತ ಒಂದೇ ಪೆಟ್ಟಿಗೆಯಲ್ಲಿ ಹಾಕಿ ಅದರ ಪಕ್ಕದಲ್ಲೇ ಇಟ್ಟುಕೊಳ್ಳಿ.